650 ಪದಗಳ ಮಹಾಪುರುಷರು

ಕಳೆದ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು. "ಲೋ, ಇವಳ ಎಸ್ಸೇಗಳನ್ನ ಒಂಚೂರು ನೋಡಿಕೊಡೋ. ನೀನು ಏನೇನೋ ಬರೀತಿರ್ತೀಯಲ್ಲ, ನಿಂಗೆ ಗೊತ್ತಾಗತ್ತೆ." ಇವಳು ಅಂದ್ರೆ ಅಕ್ಕನ ಮಗಳು. ಹನ್ನೆರಡನೇ ಕ್ಲಾಸು. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಓದಬೇಕು ಅಂತ ಆಸೆ. ಸಂಜೆಯೊಳಗೆ ನನ್ನ ಮೇಲ್‌ಗೆ ಹನ್ನೊಂದು ಫೈಲ್ ಬಂದು ಬಿದ್ದವು. ಕೆಲವಕ್ಕೆ 'ಫೈನಲ್' ಅಂತ ಹೆಸರು, ಕೆಲವಕ್ಕೆ 'ಫೈನಲ್ ಫೈನಲ್'.

ಒಂದು ಗಂಟೆ ಕೆಲಸ ಅಂದುಕೊಂಡು ಕೂತವನು ಮೂರು ವಾರ ಅದರಲ್ಲೇ ಮುಳುಗಿಹೋದೆ. ಅವಳದ್ದು ಓದಿದೆ, ಅವಳ ಗೆಳತಿಯರದ್ದು ಓದಿದೆ. 'ಗೆದ್ದ ಎಸ್ಸೇ'ಗಳು ಅಂತ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವೇ ತನ್ನ ಸೈಟಿನಲ್ಲಿ ಹಾಕೋ ಮಾದರಿಗಳನ್ನ ಓದಿದೆ. ಹಾರ್ವರ್ಡ್‌ಗೆ ಸೇರಿದವರ ಐವತ್ತು ಎಸ್ಸೇಗಳ ಪುಸ್ತಕವನ್ನೂ ತಿರುವಿದೆ. ಇಷ್ಟೆಲ್ಲ ಆದ ಮೇಲೆ ಅನ್ನಿಸಿದ್ದು ಇದು: ಕಥೆ, ಕವಿತೆ, ಪ್ರಬಂಧ ಇದ್ದ ಹಾಗೆ ಕಾಲೇಜು ಅರ್ಜಿಯ ಎಸ್ಸೇ ಕೂಡ ಒಂದು ಸಾಹಿತ್ಯ ಪ್ರಕಾರ. ಪ್ರತಿವರ್ಷ ಲಕ್ಷಾಂತರ ಹದಿನೇಳು ವರ್ಷದವರು ಇದರಲ್ಲಿ ಬರೀತಾರೆ. ಇದಕ್ಕೆ ಸಲಹೆಗಾರರಿದ್ದಾರೆ, ದೊಡ್ಡ ದೊಡ್ಡ ಫೀಸ್ ತಗೊಳ್ಳೋ ತಿದ್ದುಗಾರರಿದ್ದಾರೆ. ವಿಮರ್ಶಕರು ಮಾತ್ರ ಇಲ್ಲ. 'ಇದು ಕೆಲಸ ಮಾಡತ್ತಾ' ಅಂತ ಎಲ್ಲರೂ ಕೇಳ್ತಾರೆ. 'ಇದು ನಿಜವಾ, ಇದು ಚೆನ್ನಾಗಿದೆಯಾ' ಅಂತ ಯಾರೂ ಕೇಳಲ್ಲ. ಆ ಕೆಲಸ ಸ್ವಲ್ಪ ನಾನು ಮಾಡ್ತೀನಿ.

ಗೊತ್ತಿಲ್ಲದವರಿಗೆ ಮೊದಲು ಇದರ ಛಂದಸ್ಸು. ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ 'ಕಾಮನ್ ಆ್ಯಪ್' ಅನ್ನೋ ಒಂದೇ ಅರ್ಜಿ ಸಾಕು. ಅದರ ಮುಖ್ಯ ಎಸ್ಸೇ 250 ಪದಕ್ಕಿಂತ ಕಡಿಮೆ ಇರಬಾರದು, 650 ದಾಟಬಾರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳದ್ದು ಬೇರೆ ಅರ್ಜಿ. ಅಲ್ಲಿ ಎಂಟು ಪ್ರಶ್ನೆ ಕೊಡ್ತಾರೆ, ನಾಲ್ಕಕ್ಕೆ ಉತ್ತರ, ಒಂದೊಂದಕ್ಕೆ 350 ಪದದ ಮಿತಿ. ಎಸ್‌ಎಟಿ ಅಂಕವನ್ನಂತೂ ಅವರು ನೋಡೋದೇ ಇಲ್ಲ. ಎಂಐಟಿಯದ್ದು ಅದರದ್ದೇ ಫಾರಂ, ಚಿಕ್ಕ ಚಿಕ್ಕ ಉತ್ತರಗಳು. ಜಾರ್ಜಿಯಾ ಟೆಕ್ 'ಈ ವಿಷಯ ಯಾಕೆ, ಅದೂ ನಮ್ಮಲ್ಲೇ ಯಾಕೆ' ಅಂತ ಕೇಳತ್ತೆ.

ಸಿಎಸ್ ಬೇಕು ಅನ್ನೋರಿಗೆ ಇನ್ನೊಂದು ಕಷ್ಟ. ಕಾರ್ನೆಗಿ ಮೆಲನ್, ಇಲಿನಾಯ್, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಂಥ ಕಡೆ ಕಾಲೇಜಿಗೆ ಸೇರಿದರೆ ಸಾಲದು, ಮೊದಲೇ ಸಿಎಸ್‌ಗೆ ಅಂತ ಬೇರೆಯಾಗಿ ಆಯ್ಕೆ ಆಗಬೇಕು. ಈಚೆಗೆ ಬರ್ಕ್ಲಿಯೂ ಅದೇ ದಾರಿ ಹಿಡಿದಿದೆ. ಹಾಗಾಗಿ 'ಸಿಎಸ್ ಯಾಕೆ' ಅನ್ನೋ ಪ್ರಶ್ನೆಗೆ ಭಾರ ಜಾಸ್ತಿ. ಹತ್ತು ಕಡೆ ಅರ್ಜಿ ಹಾಕೋ ಹುಡುಗಿ ಪಿಸಿಎಂ ಓದೋದರ ಜೊತೆ ತನ್ನ ಬಗ್ಗೆಯೇ ಒಂದು ಚಿಕ್ಕ ಪುಸ್ತಕದಷ್ಟು ಬರೀಬೇಕು.

ಸಿಇಟಿ ಬರೆದು ಸೀಟು ತಗೊಂಡ ನನ್ನಂಥವನಿಗೆ ಇದು ಬೇರೆಯದೇ ಲೋಕ. ಮಲ್ಲೇಶ್ವರದಲ್ಲಿ ಪರದೆ ಮೇಲೆ ಸೀಟುಗಳು ಒಂದೊಂದೇ ಕರಗೋದನ್ನ ನೋಡ್ತಾ ಅಪ್ಪನ ಪಕ್ಕ ಕೂತಿದ್ದೆ. 'ನೀನು ಯಾರಪ್ಪ' ಅಂತ ಅಲ್ಲಿ ನನ್ನನ್ನ ಒಬ್ಬರೂ ಕೇಳಲಿಲ್ಲ. ರ‍್ಯಾಂಕ್ ಕೇಳಿದರು, ಅಷ್ಟೇ. ಅದಕ್ಕೇ ಮೊದಲು ನನಗೆ ಈ ಎಸ್ಸೇ ಪದ್ಧತಿ ತುಂಬ ಮಾನವೀಯ ಅನ್ನಿಸಿತ್ತು. ಅಂಕ ಬಿಟ್ಟು ಮನುಷ್ಯನನ್ನ ನೋಡ್ತಾರಲ್ಲ ಅಂತ.

ಆಮೇಲೆ ಇದರ ಇತಿಹಾಸ ಓದಿದೆ. ಜೆರೋಮ್ ಕರಾಬೆಲ್ ಅನ್ನೋ ಸಮಾಜಶಾಸ್ತ್ರಜ್ಞರು 2005ರಲ್ಲಿ ಬರೆದ 'ದಿ ಚೋಸನ್' ಅನ್ನೋ ದಪ್ಪ ಪುಸ್ತಕ ಇದೆ. ಬರೀ ಪರೀಕ್ಷೆ ನೋಡಿ ಸೇರಿಸಿಕೊಂಡಾಗ ಹಾರ್ವರ್ಡ್‌ನಲ್ಲಿ ಯಹೂದಿ ಹುಡುಗರ ಸಂಖ್ಯೆ ಏರ್ತಾ ಹೋಯ್ತು. 1922ರಲ್ಲಿ ಅಲ್ಲಿನ ಅಧ್ಯಕ್ಷ ಲೋವೆಲ್ 'ಅವರಿಗೊಂದು ಮಿತಿ ಹಾಕೋಣ' ಅಂದರು. ನೇರ ಮಿತಿಗೆ ಒಪ್ಪಿಗೆ ಸಿಗಲಿಲ್ಲ. 1926ರ ಹೊತ್ತಿಗೆ ಬೇರೆ ದಾರಿ ಸಿಕ್ಕಿತು. ಅಂಕ ಒಂದೇ ಅಲ್ಲ, 'ಗುಣ', 'ವ್ಯಕ್ತಿತ್ವ' ಕೂಡ ನೋಡ್ತೀವಿ ಅಂದರು. ಅಂದರೆ, ಇವತ್ತು ನಮ್ಮ ಮಕ್ಕಳು ರಾತ್ರಿಯೆಲ್ಲ ಕೂತು ಸಾಬೀತು ಮಾಡೋಕೆ ಒದ್ದಾಡೋ ಈ 'ವ್ಯಕ್ತಿತ್ವ' ಒಂದು ಕಾಲಕ್ಕೆ ಜನರನ್ನ ಹೊರಗಿಡೋಕೆ ಹುಟ್ಟಿದ ಜರಡಿ. ಕಾಲ ಬದಲಾಗಿದೆ, ಉದ್ದೇಶವೂ ಬದಲಾಗಿದೆ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗ ನೋಡೋದನ್ನ ನಿಲ್ಲಿಸಿದಾಗಲೂ, ಅದು ತನ್ನ ಬದುಕನ್ನ ಹೇಗೆ ತಟ್ಟಿತು ಅಂತ ಅರ್ಜಿದಾರರು ಎಸ್ಸೇಯಲ್ಲಿ ಹೇಳಿಕೊಂಡರೆ ಅದನ್ನ ಪರಿಗಣಿಸಬಹುದು ಅಂತ ಬಾಗಿಲು ತೆರೆದೇ ಇಟ್ಟಿತು. ಎಸ್ಸೇ ಮೇಲಿನ ಭಾರ ಇನ್ನಷ್ಟು ಜಾಸ್ತಿಯಾಯ್ತು.

ಇಷ್ಟು ಭಾರ ಹೊತ್ತ ಪ್ರಕಾರ ಹೇಗೆ ಬರೆಸಿಕೊಳ್ಳತ್ತೆ ಅಂತ ನೋಡಿ. ಓದ್ತಾ ಹೋದ ಹಾಗೆ ನನಗೆ ಒಂದೇ ಸಿನಿಮಾ ಮತ್ತೆ ಮತ್ತೆ ನೋಡಿದಂಗಾಯ್ತು. ಮೊದಲ ಸಾಲಿನಲ್ಲೇ ಒಂದು ಸದ್ದು ಅಥವಾ ವಾಸನೆ: ಬೆಸುಗೆಯ ಹೊಗೆ, ಫ್ಯಾನಿನ ಗುಂಯ್. ಎರಡನೇ ಪ್ಯಾರಾದಲ್ಲಿ ಸ್ಪರ್ಧೆಯ ಹಿಂದಿನ ರಾತ್ರಿ ರೋಬೋ ಕೆಟ್ಟುಹೋಗತ್ತೆ. ಮೂರನೇದರಲ್ಲಿ ಹೀರೋ ಬೆಳಗಿನ ಜಾವ ಮೂರು ಗಂಟೆಗೆ ದೋಷ ಹುಡುಕ್ತಾನೆ. ಕೊನೆಗೆ ಸೋಲೇ ಗೆಲುವಿನ ಮೆಟ್ಟಿಲು. ಇಂಟರ್‌ವಲ್ ಎಲ್ಲಿ ಬರತ್ತೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು.

ಇನ್ನೊಂದು ಜಾತಿ 'ರೈತರಿಗಾಗಿ ಆ್ಯಪ್'. ಬರೆದವನು ಆ ಆ್ಯಪ್ ಬಳಸಿದ ಒಬ್ಬ ರೈತನ ಹತ್ತಿರವೂ ಮಾತಾಡಿರಲ್ಲ. ಆದರೂ ಲಕ್ಷಾಂತರ ಬದುಕು ಬದಲಾಗ್ತಾ ಇರತ್ತೆ.

ಅಕ್ಕನ ಮಗಳ ಮುಖ್ಯ ಎಸ್ಸೇ ಮೂರನೇ ಜಾತಿಯದ್ದು. ಅವರ ಮನೆಗೆ ಕೆಲಸಕ್ಕೆ ಬರೋ ಅಕ್ಕನ ಮಗನಿಗೆ ಸ್ಕ್ರಾಚ್‌ನಲ್ಲಿ ಕೋಡಿಂಗ್ ಹೇಳಿಕೊಟ್ಟ ಕಥೆ. ಭಾಷೆ ಚೆನ್ನಾಗಿತ್ತು. ಅದರಲ್ಲೊಂದು ಸಾಲು ಹೆಚ್ಚುಕಮ್ಮಿ ಹೀಗಿತ್ತು: ಪರದೆಯ ಮೇಲೆ ಬೆಕ್ಕು ನಡೆದಾಗ ಅವನ ಕಣ್ಣಲ್ಲಿ ಹೊಳೆದ ಬೆಳಕು ನನ್ನ ಬದುಕನ್ನೇ ಬದಲಿಸಿತು.

ನಾನು ಫೋನ್ ಮಾಡಿ ಕೇಳಿದೆ. "ಎಷ್ಟು ಕ್ಲಾಸ್ ಮಾಡ್ದೆ?"

"ಮೂರು ಭಾನುವಾರ."

"ನಾಲ್ಕನೇ ಭಾನುವಾರ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ಅವನು ಬರ್ಲಿಲ್ಲ ಮಾಮ. ಕ್ರಿಕೆಟ್ ಆಡೋಕೆ ಹೋದ."

ನನಗೆ ನಗು ತಡೆಯೋಕಾಗಲಿಲ್ಲ. ಅವಳೂ ನಕ್ಕಳು. ಆದರೆ ಆ ಎಸ್ಸೇನ ಮತ್ತೆ ಓದಿದಾಗ ನಗು ಬರಲಿಲ್ಲ. 650 ಪದಗಳಲ್ಲಿ ಆ ಹುಡುಗನಿಗೆ ಹೆಸರಿಲ್ಲ, ಒಂದು ಮಾತಿಲ್ಲ. ಅವನಿಗೆ ಇರೋದು ಹೊಳೆಯೋ ಕಣ್ಣು ಮಾತ್ರ. ಅವನ ಅಮ್ಮ ಬಾಗಿಲ ಹತ್ತಿರ ನಿಂತು ಕಣ್ಣೊರೆಸಿಕೊಳ್ತಾಳೆ. ಅದೂ ನಡೆದಿರಲಿಲ್ಲವಂತೆ, ಸಲಹೆಗಾರರು ಸೇರಿಸೋಕೆ ಹೇಳಿದ್ದಂತೆ. ದಿನಾ ನಮ್ಮ ಮನೆ ಪಾತ್ರೆ ತೊಳೆಯೋರನ್ನ ನಮ್ಮ ಅರ್ಜಿಯಲ್ಲೂ ದುಡಿಸಿಕೊಳ್ಳೋದು ಅಂದ್ರೆ ಇದೇ ತಾನೆ? ಅದಕ್ಕೆ ಸಂಬಳವೂ ಇಲ್ಲ. ಈ ಪ್ರಕಾರದ ದೊಡ್ಡ ದೋಷ ನನಗೆ ಕಂಡಿದ್ದು ಇಲ್ಲಿ. ಬರೆಯೋರನ್ನ ಮಹಾಪುರುಷ ಮಾಡೋಕೆ ಹೋಗಿ ಉಳಿದವರನ್ನೆಲ್ಲ ಇದು ಸೆಟ್ ಪ್ರಾಪರ್ಟಿ ಮಾಡಿಬಿಡತ್ತೆ.

ಹಾಗಂತ ನಾನೇನು ಸಾಚಾ ಅಲ್ಲ. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಮೊಮ್ಮಗನೊಬ್ಬನ ಎಸ್ಸೇ ನನ್ನ ಕೈಗೆ ಬಂದಿತ್ತು. ಅವನು ಒಣಒಣ ಬರೆದಿದ್ದ. ನಾನು 'ತಿದ್ದಿದೆ'. ಮೊದಲ ಸಾಲು ಬದಲಿಸಿದೆ, ಮಧ್ಯೆ ಒಂದು ಮಳೆ ತಂದೆ, ಕೊನೆಗೆ ಒಂದು ಒಳ್ಳೇ ಮಾತು ಇಟ್ಟೆ. ಕೆಳಗೆ 'ಇದು ನನ್ನದೇ ಬರಹ' ಅಂತ ಅವನು ಸಹಿ ಹಾಕಿದ. ಸೀಟೂ ಸಿಕ್ಕಿತು, ಮನೆಯಲ್ಲಿ ಹೋಳಿಗೆ ಊಟ ಆಯ್ತು. ರಜಕ್ಕೆ ಬಂದವನನ್ನ 'ಹೇಗಿದೆಯೋ ಕಾಲೇಜು' ಅಂತ ಕೇಳಿದಾಗ ಎಲ್ಲ ಹೇಳಿ ಕೊನೆಗೆ ಮೆಲ್ಲಗೆ ಅಂದ: "ಅವ್ರು ಸೇರಿಸ್ಕೊಂಡಿದ್ದು ನನ್ನನ್ನೋ ನಿನ್ನನ್ನೋ ಅಂತ ಒಂದೊಂದ್ಸಲ ಅನ್ಸತ್ತೆ. ಆ ಎಸ್ಸೇ ತೆಗೆದು ಓದೋಕೇ ಆಗಲ್ಲ." ಅವನಿಗೆ ಅಲ್ಲಿ ಮಾರ್ಕ್ಸ್ ಚೆನ್ನಾಗೇ ಬರ್ತಿದೆ. ಆದರೂ ಆ ಹುಡುಗ ತನ್ನ ಯೋಗ್ಯತೆ ಮೇಲೇ ಅನುಮಾನ ಪಡೋ ಹಾಗೆ ಮಾಡಿದ್ದು ನನ್ನ ಮಳೆ ಮತ್ತು ನನ್ನ ಒಳ್ಳೇ ಮಾತು. ಆ ಅನುಮಾನವನ್ನ ವಾಪಸ್ ತಗೊಳ್ಳೋ ದಾರಿ ನನಗಿನ್ನೂ ಗೊತ್ತಾಗಿಲ್ಲ.

ಅದಕ್ಕೆ ಈ ಸಲ ಕೀಬೋರ್ಡ್ ಮುಟ್ಟಲ್ಲ ಅಂತ ತೀರ್ಮಾನ ಮಾಡಿದೆ. ಬರೀ ಪ್ರಶ್ನೆ ಕೇಳೋದು. "ಈ ವರ್ಷ ಕಂಪ್ಯೂಟರ್ ಮುಂದೆ ಕೂತು ಊಟ ಮರೆತಿದ್ದು ಯಾವಾಗ?" ಅಂದೆ.

"ಅಂಥದ್ದೇನಿಲ್ಲ. ಅಜ್ಜನ ಫೈಲ್ ಒಂದಿತ್ತಲ್ಲ, ಅದು. ಆದ್ರೆ ಅದು ಎಸ್ಸೇಗೆ ಆಗಲ್ಲ."

ಅಜ್ಜ ಅಂದ್ರೆ ನನ್ನಪ್ಪ. ತಿಪಟೂರಿನಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರಾಗಿ ರಿಟೈರ್ ಆದವರು. ಅಮ್ಮ ಹಾಡ್ತಿದ್ದ ಸೋಬಾನೆ ಪದಗಳನ್ನೆಲ್ಲ 'ನುಡಿ'ಯಲ್ಲಿ ಟೈಪ್ ಮಾಡಿ, ಮುಂದೆ ಒಂದು ಮುನ್ನುಡಿ ಬರೆದು ಇಟ್ಟಿದ್ದರು. ಅಮ್ಮ ಹೋದರು, ಆಮೇಲೆ ಹಳೇ ಕಂಪ್ಯೂಟರ್ ಕೂಡ ಹೋಯ್ತು. ಹೊಸ ಲ್ಯಾಪ್‌ಟಾಪ್‌ನಲ್ಲಿ ಫೈಲ್ ತೆಗೆದರೆ ತಲೆ ಮೇಲೆ ಟೋಪಿ, ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳ ಸಂತೆ. ಯುನಿಕೋಡ್‌ಗಿಂತ ಹಿಂದಿನ ನುಡಿ, ಬರಹದಂಥ ಫಾಂಟುಗಳ ಕಥೆ ನಿಮಗೆ ಗೊತ್ತಿರಬಹುದು. ಒಳಗೆ ಇರೋದು ಇಂಗ್ಲಿಷ್ ಸಂಕೇತ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕತ್ತೆ. 'ಕ' ಕೂಡ ಒಂದು ಅಕ್ಷರವಾಗಿ ಇರಲ್ಲ. ಒಡಲು ಒಂದು ತುಂಡು, ತಲೆಕಟ್ಟು ಇನ್ನೊಂದು ತುಂಡು.

ಅಪ್ಪ ಇದನ್ನ ಮೊದಲು ಹೇಳಿದ್ದು ನನಗೆ. ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್‌ನಲ್ಲಿರೋ ಮಗ 'ನೋಡೋಣಪ್ಪ' ಅಂದು ಮರೆತುಬಿಟ್ಟಿದ್ದ. ಬೇಸಿಗೆ ರಜಕ್ಕೆ ಹೋದ ಮೊಮ್ಮಗಳು ಪೈಥಾನ್‌ನಲ್ಲಿ ಬರೆಯೋಕೆ ಕೂತಳು. ತುಂಡು ತುಂಡು ಜೋಡಿಸಿ ಯುನಿಕೋಡ್ ಮಾಡೋದು ಎರಡು ದಿನದಲ್ಲಿ ಆಯ್ತು. ಸಿಕ್ಕಿಕೊಂಡಿದ್ದು ಅರ್ಕಾವೊತ್ತಿನಲ್ಲಿ. 'ಸೂರ್ಯ' ಅನ್ನೋವಾಗ ನಾವು ರಕಾರವನ್ನ ಮೊದಲು ಉಚ್ಚರಿಸ್ತೀವಿ, ಯುನಿಕೋಡ್ ಕೂಡ ಅದೇ ಕ್ರಮದಲ್ಲಿ ಇಡತ್ತೆ. ಹಳೇ ಫಾಂಟು ಕಣ್ಣಿಗೆ ಕಾಣೋ ಕ್ರಮದಲ್ಲಿ, ಅಂದ್ರೆ ಯಕಾರ ಆದ ಮೇಲೆ ಇಡತ್ತೆ. ಅವಳು 'ಅರ್ಕಾವೊತ್ತು ಸಿಕ್ಕರೆ ಅದನ್ನ ಒಂದು ವ್ಯಂಜನ ಹಿಂದಕ್ಕೆ ತಳ್ಳು' ಅಂತ ಕೋಡ್ ಬರೆದಳು. ಸೂರ್ಯ ಸರಿಯಾದ. ಧರ್ಮ, ವರ್ಷ ಎಲ್ಲ ಸರಿಯಾದವು. ಖುಷಿಯಿಂದ ಅಜ್ಜನಿಗೆ ತೋರಿಸಿದಳು. ಅಪ್ಪ ಮುನ್ನುಡಿಯಲ್ಲಿ 'ಅವಳ ನೆನಪಿನ ಸಾಮರ್ಥ್ಯ' ಅಂತ ಬರೆದಿದ್ದರು. ಪರದೆ ಮೇಲೆ 'ಸಾಮಥ್ರ್ಯ' ಅಂತ ಬಂದಿತ್ತು.

"ಇದ್ಯಾವ ಭಾಷೆ ಪುಟ್ಟೀ?" ಅಂದರಂತೆ ಅಪ್ಪ.

ಒಂದು ವ್ಯಂಜನ ಹಿಂದಕ್ಕೆ ಹೋದರೆ ಸಾಲದು, ಒತ್ತುಗಳ ಸಮೇತ ಒಂದು ಪೂರ್ತಿ ಅಕ್ಷರ ಹಿಂದಕ್ಕೆ ಹೋಗಬೇಕು. ಸರಿ, ಪೂರ್ತಿ ಅಕ್ಷರ ಅಂದ್ರೇನು? ಅದು ಎಲ್ಲಿ ಶುರುವಾಗತ್ತೆ ಅಂತ ಕಂಪ್ಯೂಟರ್‌ಗೆ ಹೇಗೆ ಹೇಳೋದು? ಅಪ್ಪ ಕ್ಯಾಲೆಂಡರ್ ಹಾಳೆಯ ಹಿಂದೆ ಸಂಯುಕ್ತಾಕ್ಷರದ ಪಾಠ ಮಾಡಿದರು: ಮೊದಲು ವ್ಯಂಜನ, ಆಮೇಲೆ ಅದರ ಒತ್ತುಗಳು, ಕೊನೆಗೆ ಸ್ವರ. ಅವಳು ಅದನ್ನ ಹಾಗೇ ನಿಯಮ ಮಾಡಿ ಕೋಡ್‌ಗೆ ಇಳಿಸಿದಳು. 'ಸಾಮರ್ಥ್ಯ' ಬಂತು. ಎಲ್ಲ ಮುಗಿದ ಮೇಲೆ ಹುಡುಕಿದರೆ ಇಂಥ ಪರಿವರ್ತಕಗಳು ಮೊದಲಿಂದಲೂ ಇವೆ, ಪುಕ್ಕಟೆ ಸಿಗ್ತವೆ. "ನಾನೇನೂ ಹೊಸದು ಮಾಡಿಲ್ಲ ಮಾಮ. ಇರೋದನ್ನೇ ಮತ್ತೆ ಮಾಡಿದೆ. ಅದಕ್ಕೇ ಎಸ್ಸೇಗೆ ಆಗಲ್ಲ ಅಂದಿದ್ದು."

ನಾನು ಅಂದೆ, "ಇದನ್ನೇ ಬರಿ. ಆ ಕೊನೇ ಮಾತು ಸಮೇತ ಬರಿ."

ಸಿಎಸ್ ಅಂದ್ರೆ ಇದೇ ಅಲ್ವಾ? ಮೊದಲು ಅಂದುಕೊಂಡ ನಿಯಮ ತಪ್ಪಾಗಿತ್ತು. ಯಾಕೆ ತಪ್ಪು ಅಂತ ಒಂದು ಪದ ತೋರಿಸಿಕೊಡ್ತು. ಸರಿ ಮಾಡಬೇಕಾದರೆ, ದಿನಾ ಬಳಸೋ 'ಅಕ್ಷರ' ಅನ್ನೋ ಮಾತಿನ ಅರ್ಥವನ್ನೇ ಮೊದಲು ಗಟ್ಟಿ ಮಾಡಿಕೊಳ್ಳಬೇಕಾಯ್ತು. ಇದರಲ್ಲಿ ಒಂದು ತಲೆ ಹೇಗೆ ಓಡತ್ತೆ ಅಂತ ಕಾಣತ್ತೆ. ರಾತ್ರಿ ಮೂರು ಗಂಟೆಯ ರೋಬೋ ಕಥೆಯಲ್ಲಿ ಛಲ ಕಾಣತ್ತೆ, ದೋಷ ಏನಿತ್ತು, ಅದು ಹೇಗೆ ಸಿಕ್ಕಿತು ಅನ್ನೋದು ಕಾಣಲ್ಲ. ನನ್ನ ಇಡೀ ತಕರಾರು ಇಷ್ಟೇ. ಈ ಪ್ರಕಾರ ಮಕ್ಕಳಿಗೆ 'ನೀನು ಹೇಗೆ ಬದಲಾದೆ' ಅಂತ ಬರೆಯೋದನ್ನ ಕಲಿಸಿದೆ. 'ನೀನು ಹೇಗೆ ಯೋಚಿಸಿದೆ' ಅಂತ ಬರೆಯೋದನ್ನ ಕಲಿಸಿಲ್ಲ. ಹದಿನೇಳರ ವಯಸ್ಸಿಗೆ ಬದುಕು ಬದಲಾಗಿರೋದು ಅಪರೂಪ. ಯೋಚನೆ ಮಾಡಿರೋದು ಅಪರೂಪ ಅಲ್ಲ.

ಆಮೇಲೆ ಇಬ್ಬರೂ ಕೂತು ಪ್ಲಾನ್ ಮಾಡಿದೆವು. ಒಂದು ಎ4 ಹಾಳೆ, ಅದರಲ್ಲಿ ಅಡ್ಡಗೆರೆಗಳು. ಸಾಮಾನ್ಯವಾಗಿ ಎಲ್ಲರೂ ಮಾಡೋದು ವಿಷಯಗಳ ಪಟ್ಟಿ: ರೋಬೋಟಿಕ್ಸ್, ಎನ್‌ಜಿಒ, ಭರತನಾಟ್ಯ. ನಾವು ಹಾಗೆ ಮಾಡಲಿಲ್ಲ. ಪ್ರತಿ ಎಸ್ಸೇ ಎದುರು 'ಇದು ಓದಿದವರಿಗೆ ಬೇರೆಲ್ಲೂ ಸಿಗದ ಯಾವ ಸಂಗತಿ ಸಿಗತ್ತೆ' ಅಂತ ಒಂದೇ ಸಾಲು ಬರೆಯೋದು. ಬರೆಯೋಕಾಗದಿದ್ದರೆ ಆ ವಿಷಯ ಬಿಡೋದು. ಅರ್ಕಾವೊತ್ತು 'ಸಿಎಸ್ ಯಾಕೆ' ಅನ್ನೋದಕ್ಕೆ ಹೋಯ್ತು. ಹಾಗಾದ ಮೇಲೆ 650 ಪದದ ಮುಖ್ಯ ಎಸ್ಸೇಯಲ್ಲಿ ಕಂಪ್ಯೂಟರ್ ಬರೋ ಅಗತ್ಯವೇ ಇರಲಿಲ್ಲ. ಅಲ್ಲಿ ಅವಳು ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಲೆಕ್ಕದ ಜಗಳದಲ್ಲಿ ತಾನೇ ತಪ್ಪು ಲೆಕ್ಕ ಕೊಟ್ಟು, ಆಮೇಲೆ ಎಲ್ಲರೆದುರು ಒಪ್ಪಿಕೊಂಡಿದ್ದನ್ನ ಬರೆದಳು. ಕ್ಯಾಲಿಫೋರ್ನಿಯಾದ ನಾಲ್ಕು ಉತ್ತರಗಳು ನಾಲ್ಕು ಬೇರೆ ಕೋಣೆಗಳು ಅಂದುಕೊಂಡೆವು. ಒಂದರ ಕುರ್ಚಿ ಇನ್ನೊಂದಕ್ಕೆ ಎಳೆಯಬಾರದು.

ಪ್ಲಾನ್ ಮಾಡ್ತಾ ಮಾಡ್ತಾ ಇನ್ನೊಂದು ಲಾಭ ಆಯ್ತು. ತನಗೆ ಬೇಕಿರೋದು ಬರೀ ಸಿಎಸ್ ಅಲ್ಲ, ಭಾಷೆಯೂ ಬೇಕು ಅಂತ ಅವಳಿಗೇ ಗೊತ್ತಾಯ್ತು. ಇಲಿನಾಯ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಮತ್ತು ಭಾಷಾಶಾಸ್ತ್ರ ಸೇರಿಸಿ ಓದೋ ಕೋರ್ಸೇ ಇದೆ. ಅದು ಅವಳ ಪಟ್ಟಿಯಲ್ಲಿ ಮೊದಲು ಇರಲೇ ಇಲ್ಲ. ಎಸ್ಸೇ ಬೇರೆಯವರಿಗೆ ನಮ್ಮನ್ನ ಮಾರೋಕೆ ಅಂತ ಅಂದುಕೊಂಡಿರ್ತೀವಿ. ಸರಿಯಾಗಿ ಬರೆದರೆ ನಮಗೇನು ಬೇಕು ಅಂತ ನಮಗೆ ಮೊದಲು ಹೇಳತ್ತೆ. ಅದಕ್ಕೇ ಪ್ಲಾನಿಂಗ್ ಅಕ್ಟೋಬರ್‌ನಲ್ಲಿ ಶುರು ಮಾಡೋದು ತಡವೇ. ಮೊದಲ ಸುತ್ತಿನ ಕೊನೇ ದಿನ ಬಹಳ ಕಡೆ ನವೆಂಬರ್ 1. ಕಾಲೇಜುಗಳ ಪಟ್ಟಿ ಮಾಡೋಕೆ ಮುಂಚೆಯೇ, ಬೇಸಿಗೆ ರಜದಲ್ಲೇ ನಾಲ್ಕು ಸಾಲು ಗೀಚಿಕೊಳ್ಳೋದು ಒಳ್ಳೇದು.

ಕೊನೆಗೆ ಒಂದೇ ಒಂದು ಪರೀಕ್ಷೆ ಇಟ್ಟುಕೊಂಡೆವು. ಎಸ್ಸೇಯಲ್ಲಿ ಯಾರು ಬರ್ತಾರೋ ಅವರ ಮುಂದೆ ಕೂತು, ಅವರ ಭಾಷೆಯಲ್ಲಿ ಅದನ್ನ ಓದಿ ಹೇಳೋಕಾಗಬೇಕು. ಕೆಲಸದ ಅಕ್ಕನ ಮಗನ ಎಸ್ಸೇ ಅಲ್ಲೇ ಬಿದ್ದುಹೋಯ್ತು. ಅವನ ಮುಂದೆ ಅದನ್ನ ಓದೋದನ್ನ ನೆನೆಸಿಕೊಂಡೇ ಅವಳು ಫೈಲ್ ಡಿಲೀಟ್ ಮಾಡಿದಳು. ಅರ್ಕಾವೊತ್ತಿನ ಎಸ್ಸೇನ ಅಜ್ಜನಿಗೆ ಫೋನಿನಲ್ಲಿ ಕನ್ನಡ ಮಾಡ್ತಾ ಓದಿದಳು. ಅದರ ಎರಡನೇ ಕರಡು ಅಜ್ಜಿಯ ಸಾವಿನಿಂದ ಶುರುವಾಗಿತ್ತು. ಸಲಹೆಗಾರರಿಗೆ ಅದು ತುಂಬ ಹಿಡಿಸಿತ್ತು. ಅಜ್ಜನಿಗೆ ಓದೋಕೆ ಮುಂಚೆ ಅವಳೇ ಅದನ್ನ ತೆಗೆದುಹಾಕಿದಳು. "ಅಜ್ಜಿ ಹೋಗಿದ್ದು ಇದರಲ್ಲಿ ಯಾಕೆ ಮಾಮ? ಬಗ್ ಇದ್ದಿದ್ದು ಕೋಡಲ್ಲಿ." ನಾನು ಮೂರು ವಾರ ಕೂತು ಕಲಿತ ವಿಮರ್ಶೆ ಅವಳು ಒಂದು ಸಾಲಿನಲ್ಲಿ ಹೇಳಿಬಿಟ್ಟಳು.

ನನ್ನ ವಾದದಲ್ಲೂ ತೂತುಗಳಿವೆ. 'ಚಿಕ್ಕದನ್ನ ಬರಿ, ಯೋಚನೆ ತೋರಿಸು' ಅನ್ನೋದೂ ಒಂದು ಫಾರ್ಮುಲಾ ಆಗೋಕೆ ಹೆಚ್ಚು ದಿನ ಬೇಡ. ಮುಂದಿನ ವರ್ಷ ಎಲ್ಲರೂ ಅಜ್ಜನ ಫೈಲ್ ಹುಡುಕಬಹುದು. ಇನ್ನೊಂದು ತೂತು ದೊಡ್ಡದು. ಪ್ರಶ್ನೆ ಕೇಳೋಕೆ ಮೂರು ವಾರ ಬಿಡುವಿರೋ ಒಬ್ಬ ಮಾಮ ಎಷ್ಟು ಮಕ್ಕಳಿಗಿದ್ದಾನೆ? ಕ್ರಿಕೆಟ್ ಆಡೋಕೆ ಹೋದ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಅವನು ಮುಂದೆ ಸಿಇಟಿ ಬರೆದರೆ ಅಲ್ಲಿ ಅವನ ಕಥೆ ಯಾರೂ ಕೇಳಲ್ಲ, ಕಥೆ ತಿದ್ದೋಕೆ ದುಡ್ಡೂ ಬೇಕಾಗಲ್ಲ. ಕೋಚಿಂಗ್‌ಗೆ ದುಡ್ಡು ಬೇಕು ಅನ್ನೋದು ಬೇರೆ ಮಾತು. ಯಾವ ಜರಡಿ ವಾಸಿ ಅಂತ ನನ್ನನ್ನ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಅವಳಿಗೆ ಮೊದಲ ಆಯ್ಕೆಯ ಕಾಲೇಜು ಸಿಗಲಿಲ್ಲ. ಮೇಲ್ ಬಂದ ದಿನ ಅಕ್ಕ ಫೋನಿನಲ್ಲಿ ಅತ್ತಳು. "ಸಲಹೆಗಾರರು ಹೇಳಿದ್ದನ್ನೇ ಕಳಿಸಿದ್ರೆ ಆಗ್ತಿತ್ತೇನೋ" ಅಂದಳು. ಆಗ್ತಿತ್ತೇನೋ. ನಾನು ಇಲ್ಲ ಅನ್ನಲಿಲ್ಲ. ಮಾರ್ಚ್‌ನಲ್ಲಿ ಬೇರೊಂದು ಕಡೆ ಸಿಕ್ಕಿತು, ಅಲ್ಲಿಗೇ ಹೋಗ್ತಿದ್ದಾಳೆ. ಹೊರಡೋ ಮುಂಚೆ ತಿಪಟೂರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಅಪ್ಪ ಹಾಡುಗಳ ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ಓದ್ತಿದ್ದಾರಂತೆ. ಮೂವತ್ತೆರಡನೇ ಪುಟದಲ್ಲಿ ಇನ್ನೊಂದು ತಪ್ಪು ಸಿಕ್ಕಿದೆ.